ಮೈಟ್ರಲ್ ಆಪರೇಷನ್ ಜೊತೆ ಮೇಜ್: ಗೆರೆ ಸೋರುವುದು ಎಲ್ಲಿ

ರುಮ್ಯಾಟಿಕ್ ಜ್ವರದಿಂದ ಕೆಟ್ಟ ಮೈಟ್ರಲ್ ಕವಾಟಕ್ಕಾಗಿ (ಹೃದಯದ ಎಡಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಣ ಬಾಗಿಲು) ಎದೆ ತೆರೆಯುವ ರೋಗಿಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃತ್ಕರ್ಣ, ಅಂದರೆ ಮೇಲಿನ ಕೋಣೆ, ಲಯ ತಪ್ಪಿ ಅದುರುವುದು) ಕೂಡ ಇದ್ದರೆ ನಾವು ಎರಡನ್ನೂ ಒಂದೇ ಸಲಕ್ಕೆ ಮುಗಿಸುತ್ತೇವೆ. ಜೇಮ್ಸ್ ಕಾಕ್ಸ್ 1987ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮಾಡಿದ ಮೊದಲ ಮೇಜ್ (ಅಡ್ಡಾದಿಡ್ಡಿ ವಿದ್ಯುತ್ ಸಂಕೇತಗಳನ್ನು ಗಾಯದ ಗೆರೆಗಳಿಂದ ತಡೆಯುವ ಆಪರೇಷನ್) ಹೃತ್ಕರ್ಣವನ್ನು ಕತ್ತರಿಸಿ ಮತ್ತೆ ಹೊಲಿಯುವ ಕೆಲಸವಾಗಿತ್ತು. ಈಗಿನ ನಾಲ್ಕನೇ ರೂಪದಲ್ಲಿ ಬಹುಪಾಲು ಕತ್ತರಿಯ ಕೆಲಸವನ್ನು ಬೈಪೋಲಾರ್ ರೇಡಿಯೋ ಫ್ರೀಕ್ವೆನ್ಸಿ ಕ್ಲ್ಯಾಂಪ್ (ಎರಡು ದವಡೆಗಳ ನಡುವೆ ಹಿಡಿದು ಸುಡುವ ಇಕ್ಕಳ) ಮತ್ತು ಕ್ರಯೋ (ಅತಿಶೀತದಿಂದ ಗಾಯ ಮಾಡುವ ಸಲಕರಣೆ) ಮಾಡುತ್ತವೆ. ನಿಯಮ ಮಾತ್ರ ಹಳೆಯದೇ: ಗಾಯ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯಬೇಕು, ಗೆರೆಯಲ್ಲಿ ಎಲ್ಲೂ ಸಂದು ಉಳಿಯಬಾರದು.

ಮೊದಲು ಅನ್ನನಾಳದೊಳಗಿಂದ ಮಾಡುವ ಎಕೋದಲ್ಲಿ ಎಡ ಕಿವಿಚೀಲ (ಎಡ ಹೃತ್ಕರ್ಣಕ್ಕೆ ಅಂಟಿದ ಸಣ್ಣ ಚೀಲ) ನೋಡುತ್ತೇವೆ. ಅಲ್ಲಿ ರಕ್ತದ ಹೆಪ್ಪು ಇದ್ದರೆ ಮಹಾಪಧಮನಿಗೆ ರಕ್ತ ತಡೆಯುವ ಕ್ಲ್ಯಾಂಪ್ ಬೀಳುವ ತನಕ ಹೃದಯವನ್ನು ಎತ್ತುವಂತಿಲ್ಲ. ಹೆಪ್ಪು ಇಲ್ಲವೆಂದಾದರೆ ಶಾಕ್ ಕೊಟ್ಟು ಲಯಕ್ಕೆ ತಂದು, ಪಲ್ಮನರಿ ವೇನ್‌ಗಳ (ಶ್ವಾಸಕೋಶದಿಂದ ರಕ್ತ ತರುವ ನಾಳಗಳು) ಕೆಲಸವನ್ನು ಹೃದಯ ಬಡಿಯುತ್ತಿರುವಾಗಲೇ ಮುಗಿಸುತ್ತೇವೆ. ಪೇಸ್ ಮಾಡಿ (ಸಣ್ಣ ವಿದ್ಯುತ್ ಮಿಡಿತ ಕೊಟ್ಟು) ಪರೀಕ್ಷಿಸಲು ಅದೇ ಅನುಕೂಲ. ಬಲಗಡೆಯ ಜೋಡಿ ಸುಲಭ. ಎಡಗಡೆ ಮಾರ್ಷಲ್ ಲಿಗಮೆಂಟ್ ಎಂಬ ಮಡಿಕೆಯನ್ನು ಕತ್ತರಿಸಿದ ಮೇಲೇ ಕ್ಲ್ಯಾಂಪ್ ಸರಿಯಾಗಿ ಕೂರುತ್ತದೆ. ಪ್ರತಿ ಜೋಡಿಗೆ ಎರಡು ಮೂರು ಸಲ ಹಾಕುತ್ತೇವೆ, ಪ್ರತಿ ಸಲ ಸ್ವಲ್ಪ ಸರಿಸಿ. ಕ್ಲ್ಯಾಂಪ್ ಹಿಡಿಯಬೇಕಾದ್ದು ಹೃತ್ಕರ್ಣದ ಅಂಚನ್ನು. ವೇನ್ ಮೇಲೇ ಹಿಡಿದರೆ ಅದು ಮುಂದೆ ಕಿರಿದಾಗುತ್ತದೆ. ದವಡೆಗೆ ಕರಕಲು ಅಂಟಿದರೆ ಶಾಖ ಒಳಗಿಳಿಯುವುದಿಲ್ಲ, ಆದರೂ ಯಂತ್ರ ‘ಮುಗಿಯಿತು’ ಎನ್ನಬಹುದು. ಅದಕ್ಕೇ ಪ್ರತಿ ಸಲ ಸಲೈನ್ ಬಟ್ಟೆಯಿಂದ ಒರೆಸಬೇಕು. ಆಮೇಲೆ ವೇನ್ ಕಡೆಯಿಂದ 10–20 ಮಿಲಿಆಂಪ್‌ನಲ್ಲಿ ಪೇಸ್ ಮಾಡಿದಾಗ ಹೃತ್ಕರ್ಣ ಓಗೊಡಬಾರದು. ಓಗೊಟ್ಟರೆ ಇನ್ನೊಂದು ಸುತ್ತು.

ಎಡ ಹೃತ್ಕರ್ಣ ತೆರೆದ ಮೇಲೆ ಮೇಲ್ಛಾವಣಿಗೊಂದು, ಕೆಳಗೊಂದು ಗೆರೆ ಎಳೆದರೆ ಹಿಂಗೋಡೆ ಪೆಟ್ಟಿಗೆಯಂತೆ ಬೇರೆಯಾಗುತ್ತದೆ. ಕಾಡುವುದು ಮೈಟ್ರಲ್ ಇಸ್ತಮಸ್, ಅಂದರೆ ವೇನ್‌ಗಳಿಗೂ ಕವಾಟದ ಉಂಗುರಕ್ಕೂ ನಡುವಣ ಗೋಡೆ. ಕ್ಲ್ಯಾಂಪ್ ಕವಾಟದ ಉಂಗುರದ ತನಕ ತಲುಪದು. ಅಲ್ಲಿ ಕೊಬ್ಬು, ಕರೋನರಿ ಸೈನಸ್ (ಹೃದಯದ ಗೋಡೆಯಿಂದ ರಕ್ತ ಮರಳುವ ಸಿರೆ), ಸರ್ಕಮ್‌ಫ್ಲೆಕ್ಸ್ ಧಮನಿ (ಹೃದಯಕ್ಕೆ ರಕ್ತ ಕೊಡುವ ಎಡ ಧಮನಿಯ ಕವಲು) ಒತ್ತೊತ್ತಾಗಿವೆ. ಆದ್ದರಿಂದ ಆಂಜಿಯೋಗ್ರಾಮ್‌ನಲ್ಲಿ ಸರ್ಕಮ್‌ಫ್ಲೆಕ್ಸ್ ಎಲ್ಲಿ ಮುಗಿಯುತ್ತದೆಂದು ಮೊದಲೇ ನೋಡಿ, ಬಲ ಮತ್ತು ಎಡ ಧಮನಿಗಳ ಹರವಿನ ನಡುವಣ ಜಾಗದಲ್ಲಿ ಸೈನಸ್ ಮೇಲೆ ಮೆಥಿಲೀನ್ ಬ್ಲೂ ಗುರುತು ಹಾಕುತ್ತೇವೆ. ಒಳಗಿನಿಂದ ಉಂಗುರದ ಮೇಲೆ ನೈಟ್ರಸ್ ಆಕ್ಸೈಡ್ ಪ್ರೋಬ್, ಮೈನಸ್ 60 ಡಿಗ್ರಿ, ಮೂರು ನಿಮಿಷ. ಅದೇ ನೇರಕ್ಕೆ ಹೊರಗಿನಿಂದ ಸೈನಸ್ ಮೇಲೂ ಒಂದು. ಈ ಹೊರಗಿನ ಕ್ರಯೋ ಬಿಟ್ಟವರಿಗೆ ಕೆಲವು ತಿಂಗಳಲ್ಲಿ ಮೈಟ್ರಲ್ ಸುತ್ತ ತಿರುಗುವ ಫ್ಲಟರ್ ಎಂಬ ವೇಗದ ಲಯ ಎದುರಾಗಬಹುದು, ರೋಗಿಗೆ ಮೊದಲಿಗಿಂತ ಹೆಚ್ಚು ಎದೆಬಡಿತ. ಅರೆಗೆರೆಗಿಂತ ಗೆರೆಯೇ ಇಲ್ಲದಿರುವುದು ವಾಸಿ. ಇನ್ನು ಪ್ರೋಬ್ ಪೂರ್ತಿ ಕರಗುವ ಮುನ್ನ ಎಳೆದರೆ ಗೋಡೆ ಹರಿಯುತ್ತದೆ, ಅವಸರ ಬೇಡ.

ಕಿವಿಚೀಲವನ್ನು ಕತ್ತರಿಸಿ ಹೊಲಿಯುತ್ತೇವೆ, ಇಲ್ಲವೇ 35ರಿಂದ 50 ಮಿ.ಮೀ. ಅಳತೆಯ ಕ್ಲಿಪ್ ಹಾಕುತ್ತೇವೆ. ಒಂದು ಸೆಂ.ಮೀ.ಗಿಂತ ಉದ್ದದ ಮೋಟು ಉಳಿದರೆ ಮುಚ್ಚಿದ್ದು ಲೆಕ್ಕಕ್ಕಿಲ್ಲ. 2021ರ ಲಾವೋಸ್–3 ಅಧ್ಯಯನದಲ್ಲಿ ಮುಚ್ಚಿದವರಲ್ಲಿ ಪಾರ್ಶ್ವವಾಯು ಮತ್ತಿತರ ಎಂಬೋಲಿಸಂ (ಹೆಪ್ಪು ಹರಿದು ಹೋಗಿ ರಕ್ತನಾಳ ಕಟ್ಟುವುದು) ಶೇ 4.8, ಮುಚ್ಚದವರಲ್ಲಿ ಶೇ 7. ಹಾಗೆಂದು ಹೆಪ್ಪು ತಡೆಯುವ ಅಸಿಟ್ರೋಮ್ ಮಾತ್ರೆ ನಿಲ್ಲಿಸುವಂತಿಲ್ಲ. ಆ ಅಧ್ಯಯನದಲ್ಲೂ ಬಹುತೇಕರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಲೇ ಇದ್ದರು.

ಆಪರೇಷನ್ ಆದ ಮೇಲೆ ಲಯ ನಿಧಾನವಾದರೆ ತಾತ್ಕಾಲಿಕ ತಂತಿಗಳಿಂದ ಪೇಸ್ ಮಾಡುತ್ತಾ ಒಂದು ವಾರ ಕಾಯುತ್ತೇವೆ. ಸೈನಸ್ ನೋಡ್ (ಹೃದಯಕ್ಕೆ ಸಹಜ ಲಯ ಕೊಡುವ ಜಾಗ) ಅನೇಕರಲ್ಲಿ ತಾನೇ ಏಳುತ್ತದೆ, ಪೇಸ್‌ಮೇಕರ್‌ಗೆ ಮೂರನೇ ದಿನಕ್ಕೇ ಓಡಬೇಕಿಲ್ಲ. ಮೊದಲ ಮೂರು ತಿಂಗಳಲ್ಲಿ ಫಿಬ್ರಿಲೇಷನ್ ಮರಳಿದರೆ ಸೋಲೆಂದು ಬರೆಯುವುದಿಲ್ಲ.

ಕವಾಟ ಚೆನ್ನಾಗಿದ್ದು, ವರ್ಷಕ್ಕೂ ಮೀರಿ ಫಿಬ್ರಿಲೇಷನ್ ಇರುವವರಿಗೆ ಹೈಬ್ರಿಡ್ (ಸರ್ಜರಿ, ಕ್ಯಾತಿಟರ್ ಎರಡೂ ಸೇರಿದ ಚಿಕಿತ್ಸೆ) ಯೋಚಿಸುತ್ತೇವೆ. ಎದೆಮೂಳೆಯ ತುದಿಯ ಕೆಳಗೆ ಸಣ್ಣ ಗಾಯ ಮಾಡಿ, ಕ್ಯಾಮೆರಾ ನೋಡುತ್ತಾ ಹಿಂಗೋಡೆಯನ್ನು ಹೊರಗಿನಿಂದ ಸುಡುವುದು. ಪೆರಿಕಾರ್ಡಿಯಂ (ಹೃದಯದ ಹೊರಚೀಲ) ಮಡಿಕೆಗಳ ಹಿಂದಿನ ಸಂದುಗಳು ನಮ್ಮ ಕೈಗೆ ಸಿಗವು. ಅವನ್ನು ಎಲೆಕ್ಟ್ರೋಫಿಸಿಯಾಲಜಿಯವರು (ಹೃದಯಲಯದ ತಜ್ಞರು) ರಕ್ತನಾಳದ ಮೂಲಕ ತೂರಿಸಿದ ಕ್ಯಾತಿಟರ್ ನಳಿಕೆಯಿಂದ ಒಳಗಡೆ ಮುಚ್ಚುತ್ತಾರೆ. ಕನ್ವರ್ಜ್ ಎಂಬ ಅಧ್ಯಯನದಲ್ಲಿ ಈ ಹೈಬ್ರಿಡ್‌ನ ಹನ್ನೆರಡು ತಿಂಗಳ ಯಶಸ್ಸು ಶೇ 67.7, ಬರೀ ಕ್ಯಾತಿಟರ್‌ನಲ್ಲಿ ಶೇ 50.

ಸುಡುವಾಗ ಅನ್ನನಾಳದ ಉಷ್ಣತೆ ಏರಿದ ಕೂಡಲೇ ನಿಲ್ಲಿಸಬೇಕು. ಮನೆಗೆ ಹೋಗಿ ಎರಡು ಮೂರು ವಾರಕ್ಕೆ ಏದುಸಿರು ಬಂದರೆ ಮೊದಲು ಎಕೋ: ಪೆರಿಕಾರ್ಡಿಯಂನಲ್ಲಿ ನೀರು ತುಂಬಿರಬಹುದು. ಆ ವಾರಗಳಲ್ಲೇ ಜ್ವರ, ನುಂಗುವಾಗ ನೋವು ಅಥವಾ ಪಾರ್ಶ್ವವಾಯುವಿನ ಲಕ್ಷಣ ಕಂಡರೆ ಎದೆಯ ಸಿಟಿ. ಎಂಡೋಸ್ಕೋಪಿ ಮಾತ್ರ ಕೂಡದು. ಹೃತ್ಕರ್ಣಕ್ಕೂ ಅನ್ನನಾಳಕ್ಕೂ ತೂತು ಬಿದ್ದಿದ್ದರೆ ಊದಿದ ಗಾಳಿ ನೇರ ಮೆದುಳಿಗೆ ಹೋಗುತ್ತದೆ.