ಎರಡು ಸಿಡಿ ಪ್ಲೇಯರ್, ಒಂದು ಮಲ್ಟಿಮೀಟರ್

ಹೊಸ ಸಿಡಿ ಪ್ಲೇಯರ್ ಜೋಡಿಸಿದ ದಿನ ಹಳೆಯದರ ಮೇಲೆ ಮರುಕ ಹುಟ್ಟಿತು. ಅದೇ ಡಿಸ್ಕ್, ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್. ಆದರೂ ಹಾಡುವವರು ಎರಡು ಹೆಜ್ಜೆ ಮುಂದೆ ಬಂದು ನಿಂತ ಹಾಗಿತ್ತು. ಎಲ್ಲ, ಡಿಸ್ಕಿನ ಅಂಕಿಗಳನ್ನು ದನಿಯ ವಿದ್ಯುತ್ ಸಂಕೇತವಾಗಿಸುವ ಡ್ಯಾಕ್ ಚಿಪ್‌ನ ಮಹಿಮೆ ಅಂತ ನಾನೇ ತೀರ್ಮಾನಿಸಿ, ತಂಗಿಯ ತಲೆಯನ್ನೂ ತಿಂದೆ. "ಅಣ್ಣಾ, ಹೊಸದು ಸ್ವಲ್ಪ ಜೋರಾಗಿದೆ, ಅಷ್ಟೇ" ಅಂದಳು. ಸಿಟ್ಟು ಬಂತು. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ.

200 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಡಿಸ್ಕ್‌ಗೆ ಬರೆದು, ಎರಡೂ ಪ್ಲೇಯರ್‌ಗಳ ಹೊರದಾರಿಯಲ್ಲಿ ವೋಲ್ಟೇಜ್ ನೋಡಿದೆ. ಇಂಥ ಪರೀಕ್ಷೆಗೆ ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಬಳಸುತ್ತಾರೆ. ಆದರೆ ನನ್ನ ಮಲ್ಟಿಮೀಟರ್‌ನ ಎಸಿ ಅಳತೆಯನ್ನು 400 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು ಎಂದು ಅದರ ಕೈಪಿಡಿಯಲ್ಲೇ ಇತ್ತು. ಹಳೆಯದು 1.9 ವೋಲ್ಟ್, ಹೊಸದು 2.2 ವೋಲ್ಟ್. ಲೆಕ್ಕ ಹಾಕಿದರೆ ವ್ಯತ್ಯಾಸ ಸುಮಾರು 1.3 ಡೆಸಿಬೆಲ್. ಇಷ್ಟು ಸಣ್ಣ ಅಂತರವನ್ನು ಕಿವಿ 'ಜೋರು' ಅಂತ ಗುರುತಿಸುವುದೇ ಕಡಿಮೆ. 'ಸ್ಪಷ್ಟ', 'ತುಂಬಿದ ದನಿ' ಅನ್ನಿಸುತ್ತದೆ. ನನಗೂ ಆದದ್ದು ಅದೇ. ತಂಗಿಯ ಕಿವಿ ನನ್ನದಕ್ಕಿಂತ ಪ್ರಾಮಾಣಿಕ.

ಹೊಸದರ ದಾರಿಯಲ್ಲಿ ಒಂದು ಸಣ್ಣ ವಾಲ್ಯೂಮ್ ಕಂಟ್ರೋಲ್ ಸೇರಿಸಿ, ಎರಡರ ವೋಲ್ಟೇಜನ್ನೂ ನೂರಕ್ಕೆ ಒಂದು ಪಾಲಿನೊಳಗೆ ಹೊಂದಿಸಿದೆ. ಒಂದೇ ಡಿಸ್ಕ್‌ನ ಎರಡು ಪ್ರತಿ ಹಾಕಿ ಒಟ್ಟಿಗೆ ಶುರು ಮಾಡಿದೆವು. ನಾನು ಬೆನ್ನು ತಿರುಗಿಸಿ ಕೂತೆ. ತಂಗಿ ನಾಣ್ಯ ಚಿಮ್ಮಿ, ಬಿದ್ದ ಮುಖ ನೋಡಿ ಆಂಪ್ಲಿಫೈಯರ್‌ನ ಪ್ಲೇಯರ್ ಆರಿಸುವ ಗುಂಡಿ ತಿರುಗಿಸಬೇಕು. ಬದಲಿಸುವುದು ಇಲ್ಲದಿದ್ದಾಗಲೂ ಗುಂಡಿಯನ್ನು ಆಚೆಗೆ ತಿರುಗಿಸಿ ವಾಪಸ್ ತರಬೇಕು, ಇಲ್ಲದಿದ್ದರೆ ಆ 'ಟಕ್' ಸದ್ದೇ ಉತ್ತರ ಹೇಳಿಬಿಡುತ್ತದೆ. 16 ಸಲದಲ್ಲಿ ನಾನು ಸರಿ ಹೇಳಿದ್ದು 9. ಬರೀ ಊಹಿಸಿದರೂ 8 ಬರುತ್ತದೆ. 12 ಬಂದಿದ್ದರೆ ಮಾತು ಬೇರೆ. ಬರೀ ಅದೃಷ್ಟದಿಂದ 12 ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ ನಾಲ್ಕರಷ್ಟು ಮಾತ್ರ.

ಡಿಸ್ಕ್ ತಿರುಗಿಸಿ ಓದುವ ಟ್ರಾನ್ಸ್‌ಪೋರ್ಟ್‌ನ ಪ್ರಶ್ನೆ ಬೇಗ ಮುಗಿಯಿತು. ಎರಡರ ಡಿಜಿಟಲ್ ಔಟ್‌ಪುಟ್ಟನ್ನೂ ಕಂಪ್ಯೂಟರಿಗೆ ತುಂಬಿಸಿಕೊಂಡು, ಶುರುವಿನ ಹಿಂದೆಮುಂದೆ ಸರಿಪಡಿಸಿ, ಒಂದರಿಂದ ಇನ್ನೊಂದನ್ನು ಕಳೆದೆ. ಉಳಿದದ್ದು ಸೊನ್ನೆ. ಸೆಕೆಂಡಿಗೆ 44,100 ಸಲ, ಪ್ರತಿ ಸಲ 16 ಬಿಟ್‌ನ ಎರಡು ಅಂಕಿ, ಒಂದೂ ತಪ್ಪಿಲ್ಲ. ಸಿಡಿಯಲ್ಲಿ ಮಾಹಿತಿಯನ್ನು ಚದುರಿಸಿ, ತಿದ್ದಲು ಬೇಕಾದ ಹೆಚ್ಚುವರಿ ಬಿಟ್‌ಗಳನ್ನೂ ಸೇರಿಸಿ ಬರೆದಿರುತ್ತಾರೆ. ಹೀಗಾಗಿ ಸಣ್ಣಪುಟ್ಟ ಗೀರುಗಳು ಲೆಕ್ಕಕ್ಕೇ ಬರುವುದಿಲ್ಲ. ವ್ಯತ್ಯಾಸ ಕಂಡದ್ದು ಗೀರು ತುಂಬಿದ ಒಂದು ಡಿಸ್ಕ್‌ನಲ್ಲಿ ಮಾತ್ರ. ತಿದ್ದಲಾಗದ ಕಡೆ ಹಳೆಯ ಪ್ಲೇಯರ್ ಅಕ್ಕಪಕ್ಕದ ಅಂಕಿ ನೋಡಿ ನಡುವಿನದನ್ನು ಊಹಿಸುತ್ತಿತ್ತು. ಒಂದೆರಡು ಕಡೆ ಚಟಪಟ ಸದ್ದೂ ಬಂತು.

ಆಪ್-ಆಂಪ್, ಅಂದರೆ ದನಿಯ ಸಂಕೇತವನ್ನು ವರ್ಧಿಸುವ ಸಣ್ಣ ಚಿಪ್, ಬದಲಿಸುವ ಚಪಲವನ್ನೂ ತೀರಿಸಿಕೊಂಡೆ. ಹಳೆಯದರ ಬೋರ್ಡಿನಲ್ಲಿದ್ದ ಎನ್‌ಇ5532 ಬಿಚ್ಚಿ, ಸಾಕೆಟ್ ಬೆಸೆದು, ಅದಕ್ಕಿಂತ ತುಂಬಾ ವೇಗದ ಒಂದು ಚಿಪ್ ಕೂರಿಸಿದೆ. ದನಿ ಏನೂ ಬದಲಾಗಲಿಲ್ಲ. ಚಿಪ್ ಮಾತ್ರ ಬೆರಳಿಡಲಾಗದಷ್ಟು ಕಾದಿತ್ತು. ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ಅದು ತಾನಾಗಿಯೇ ಆಂದೋಲಿಸುತ್ತಿತ್ತು. ಆ ಬೋರ್ಡ್ ಅಷ್ಟು ವೇಗಕ್ಕೆ ಮಾಡಿದ್ದಲ್ಲ. ಮರುದಿನ ಎನ್‌ಇ5532 ತನ್ನ ಜಾಗಕ್ಕೆ ಮರಳಿತು.

ಹಾಗಾದರೆ ಬಿಡಿಭಾಗಗಳಿಂದ ವ್ಯತ್ಯಾಸವೇ ಆಗುವುದಿಲ್ಲ ಅಂತ ಗೆಳೆಯನ ಮುಂದೆ ಜಂಬ ಕೊಚ್ಚಿದೆ. ಅವನು ತನ್ನ ಪ್ಲೇಯರನ್ನೇ ಎತ್ತಿಕೊಂಡು ಬಂದ. "ಇದರ ಬಲಗಡೆ ದನಿ ತೆಳುವಾಗಿದೆ ಕಣೋ, ಡ್ಯಾಕ್ ಬದಲಿಸು ಅಂತಿದ್ದಾರೆ." ಕೇಳಿದೆ. ನಿಜವಾಗಿಯೂ ತೆಳುವಾಗಿತ್ತು. ಸ್ಪೀಕರ್ ವೈರ್ ಅದಲುಬದಲು ಮಾಡಿದರೆ ದೋಷವೂ ಎಡಕ್ಕೆ ಹೋಯಿತು. ಅಂದರೆ ಸ್ಪೀಕರಿನ ತಪ್ಪಲ್ಲ. ಪ್ಲೇಯರಿನ ಕೇಬಲ್‌ಗಳನ್ನು ಆಂಪ್ಲಿಫೈಯರಿನ ಬಳಿ ಅದಲುಬದಲು ಮಾಡಿದಾಗಲೂ ದೋಷ ಜೊತೆಗೇ ಓಡಿತು, ಹಾಗಾಗಿ ಆಂಪ್ಲಿಫೈಯರಿನದೂ ಅಲ್ಲ.

ಮೀಟರ್ ಹಿಡಿದರೆ ಎಡಬಲ ಎರಡೂ ಸರಿ! ಅರ್ಧ ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ನಾನು ಆಂಪ್ಲಿಫೈಯರಿಗೆ ಜೋಡಿಸದೆ ಅಳೆಯುತ್ತಿದ್ದೆ. ಜೋಡಿಸಿಟ್ಟು 40 ಹರ್ಟ್ಸ್ ನುಡಿಸಿದಾಗ ಎಡಗಡೆ 2.0 ವೋಲ್ಟ್, ಬಲಗಡೆ 1.4. 200 ಹರ್ಟ್ಸ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಕೆಳಗಿನ ಸ್ವರ ಮಾತ್ರ ಸೋರುತ್ತಿದೆ ಅಂದರೆ ಅನುಮಾನ ಹೊರದಾರಿಯ ಕೆಪಾಸಿಟರ್ ಮೇಲೆ. ಡಿಸಿಯನ್ನು ತಡೆದು ದನಿಯ ಸಂಕೇತವನ್ನು ಮಾತ್ರ ಆಚೆ ಬಿಡುವ ಬಿಡಿಭಾಗ ಅದು. ಬಿಚ್ಚಿ ಅಳೆದೆ. ಮೈಮೇಲೆ 10 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಒಳಗೆ ಉಳಿದಿದ್ದು 0.4. ಆಂಪ್ಲಿಫೈಯರಿನ ಇನ್‌ಪುಟ್ 10 ಕಿಲೋ-ಓಮ್. ಎರಡನ್ನೂ ಸೂತ್ರಕ್ಕೆ ಹಾಕಿದರೆ 40 ಹರ್ಟ್ಸ್‌ನಲ್ಲಿ 3 ಡೆಸಿಬೆಲ್ ಇಳಿಕೆ ಬರಬೇಕು. ಮೀಟರ್ ತೋರಿಸಿದ್ದೂ ಅದನ್ನೇ. ಅದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ವರ್ಷಗಳಾದಂತೆ ಒಳಗಿನ ದ್ರವ ಒಣಗುತ್ತದೆ. ಅದೇ 10 ಮೈಕ್ರೋಫ್ಯಾರಡ್ಡಿನ ಸಾಮಾನ್ಯ ಕೆಪಾಸಿಟರ್ ತಂದು, ಧನ-ಋಣ ನೋಡಿ, ಎಡಕ್ಕೂ ಬಲಕ್ಕೂ ಹೊಸದನ್ನೇ ಬೆಸೆದೆ. ತಾಳವಾದ್ಯ ಮತ್ತೆ ನಡುಮಧ್ಯೆ ಬಂದು ಕೂತಿತು.

ಗೆಳೆಯನಿಗೆ ಸಮಾಧಾನವಾಗಲಿಲ್ಲ. ಬಿಚ್ಚಿದ್ದು ಬಿಚ್ಚಿಯಾಗಿದೆ, ಡ್ಯಾಕ್ ಚಿಪ್ಪನ್ನೂ ಬದಲಿಸಿಬಿಡು ಅಂದ. ಮುಚ್ಚಳದ ಸ್ಕ್ರೂ ಬಿಗಿಮಾಡಿ ಪ್ಲೇಯರನ್ನು ಅವನ ಕೈಗಿಟ್ಟೆ.