ಬೋರಿನ ನೀರಿನ ರಿಪೋರ್ಟು: ಮಿಲಿ, ಮೈಕ್ರೋ, ನ್ಯಾನೋ ಓದುವ ಬಗೆ

ರಿಪೋರ್ಟು ಕೈಗೆ ಬಂದ ಕೂಡಲೇ ಅಂಕಿ ನೋಡಬೇಡಿ, ಅಂಕಿಯ ಪಕ್ಕದ ಅಳತೆ ನೋಡಿ. ಅದೇ ನೀರಿನ ಆರ್ಸೆನಿಕ್ ಅನ್ನು ಒಂದು ಲ್ಯಾಬ್ 0.038 ಎಂದು ಬರೆದರೆ ಇನ್ನೊಂದು 38 ಎಂದು ಬರೆಯುತ್ತದೆ. ಎರಡೂ ಸರಿ. ಮೊದಲನೆಯದು ಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮೈಕ್ರೋಗ್ರಾಂ.

ಗ್ರಾಂನಿಂದ ಕೆಳಗೆ ಪ್ರತಿ ಮೆಟ್ಟಿಲೂ ಸಾವಿರದ್ದು: ಮಿಲಿ, ಮೈಕ್ರೋ, ನ್ಯಾನೋ, ಪಿಕೋ. ಒಂದು ಮೆಟ್ಟಿಲು ಇಳಿದರೆ ದಶಾಂಶ ಬಿಂದು ಮೂರು ಸ್ಥಾನ ಬಲಕ್ಕೆ, ಹತ್ತಿದರೆ ಮೂರು ಸ್ಥಾನ ಎಡಕ್ಕೆ. ಡೆಸಿ, ಸೆಂಟಿ ಮಾತ್ರ ಈ ಸಾಲಿಗೆ ಸೇರವು. ಅವು ಹತ್ತರಲ್ಲಿ ಒಂದು, ನೂರರಲ್ಲಿ ಒಂದು. ಪಿಕೋದ ಕೆಳಗೂ ಫೆಮ್ಟೋ, ಆಟ್ಟೋ ಎಂದು ಸಾಗಿ 2022ರಲ್ಲಿ ಸೇರಿಸಿದ ರೊಂಟೋ, ಕ್ವೆಕ್ಟೋವರೆಗೆ ಹೆಸರುಗಳಿವೆ. ನೀರಿನ ಲೆಕ್ಕಕ್ಕೆ ಅವುಗಳ ಗೊಡವೆ ಬೇಡ.

ಪಿಪಿಎಂ (ಪಾರ್ಟ್ಸ್ ಪರ್ ಮಿಲಿಯನ್) ಎಂದರೆ ಹತ್ತು ಲಕ್ಷಕ್ಕೆ ಒಂದು. ಕಲಬುರಗಿಯವರಿಗೆ ಇದನ್ನು ತೊಗರಿಯಲ್ಲೇ ತೋರಿಸಬಹುದು. ನೂರು ಕಾಳು ತೂಗಿ ನೋಡಿ, ಸುಮಾರು 10 ಗ್ರಾಂ ಬರುತ್ತದೆ. ಹಾಗಾದರೆ ಒಂದು ಕ್ವಿಂಟಲ್‌ನಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಕಾಳು. ಅದರಲ್ಲಿ ಒಂದು ಕಾಳಿಗೆ ಬಣ್ಣ ಹಚ್ಚಿ ಹಾಕಿದರೆ ಅದೇ ಒಂದು ಪಿಪಿಎಂ. ಪಿಪಿಬಿ (ಪಾರ್ಟ್ಸ್ ಪರ್ ಬಿಲಿಯನ್) ಬೇಕೆಂದರೆ ಆ ಒಂದೇ ಕಾಳನ್ನು ಸಾವಿರ ಕ್ವಿಂಟಲ್‌ನಲ್ಲಿ, ಅಂದರೆ ಹತ್ತು ಟನ್ನಿನ ಹತ್ತು ಲಾರಿಗಳಲ್ಲಿ ಹುಡುಕಬೇಕು: ನೂರು ಕೋಟಿಗೆ ಒಂದು. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕೆಜಿ ತೂಗುವುದರಿಂದ ಲೀಟರಿಗೆ 1 ಮಿಲಿಗ್ರಾಂ ಎಂದರೂ 1 ಪಿಪಿಎಂ ಎಂದರೂ ಒಂದೇ; ಲೀಟರಿಗೆ 1 ಮೈಕ್ರೋಗ್ರಾಂ ಎಂದರೆ 1 ಪಿಪಿಬಿ. ಗಾಳಿಗೆ ಈ ಅದಲುಬದಲು ನಡೆಯದು. ಸೇಡಂ, ವಾಡಿ ಕಡೆಯ ಧೂಳಿನ ಲೆಕ್ಕ ಘನ ಮೀಟರಿಗೆ ಮೈಕ್ರೋಗ್ರಾಂ. ಸೂಕ್ಷ್ಮ ಧೂಳಿಗೆ ಹೇಳುವ ಪಿಎಂ 2.5 ಎಂಬಲ್ಲಿನ 2.5 ಪ್ರಮಾಣವಲ್ಲ, ಕಣದ ವ್ಯಾಸ, ಅದೂ ಮೈಕ್ರೋಮೀಟರ್‌ನಲ್ಲಿ.

ಈಗ ಮಿತಿಗಳು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಆರ್ಸೆನಿಕ್ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಎಡವುವುದು ಇಲ್ಲೇ. ಫ್ಲೋರೈಡಿನ ಸಾಲಿನಲ್ಲಿ 0.038 ಚಿಂತೆಯಿಲ್ಲದ ಅಂಕಿ. ಆರ್ಸೆನಿಕ್ ಸಾಲಿನಲ್ಲಿ ಅದೇ 0.038 ಮಿತಿಯ ಸುಮಾರು ನಾಲ್ಕು ಪಟ್ಟು. ಸೊನ್ನೆಗಳನ್ನು ಕಂಡು ನೆಮ್ಮದಿಪಟ್ಟುಕೊಳ್ಳಬೇಡಿ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಕಾಣಿಸಿಕೊಂಡದ್ದು ನಮ್ಮ ಭಾಗಕ್ಕೆ ಹೊಸ ಸುದ್ದಿಯೇನಲ್ಲ.

ಇನ್ನು ಟೈಪಿಂಗ್ ಕಾಟ. ಮೈಕ್ರೋ ಚಿಹ್ನೆ ಗ್ರೀಕ್ ಅಕ್ಷರ ಮ್ಯೂ (µ). ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಅದೇ ಸಂಕೇತದ ಜಾಗದಲ್ಲಿ ‘ಷ’ದ ಒಡಲು ಕೂತಿದೆ. ಇಡೀ ಪುಟವನ್ನು ಆಯ್ದು ನುಡಿಗೆ ಬದಲಿಸಿದರೆ ಮ್ಯೂ ಹೋಗಿ ತಲೆಕಟ್ಟಿಲ್ಲದ ಷ ಉಳಿಯುತ್ತದೆ. ಅದಾದರೂ ವಾಸಿ, ತಪ್ಪು ಕಣ್ಣಿಗೆ ಹೊಡೆಯುತ್ತದೆ. ಸಿಂಬಲ್ ಫಾಂಟಿನಲ್ಲಿ ಹೊಡೆದ ಮ್ಯೂ ಫಾಂಟು ಬದಲಾದಾಗ ಇಂಗ್ಲಿಷಿನ ಸಣ್ಣ ಎಂ ಆಗಿ, ಮೈಕ್ರೋಗ್ರಾಂ ಸದ್ದಿಲ್ಲದೆ ಮಿಲಿಗ್ರಾಂ ಆಗಿಬಿಡುತ್ತದೆ, ಸಾವಿರ ಪಟ್ಟು ಹೆಚ್ಚು. ಆದ್ದರಿಂದ ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಬರೆಯುವಾಗ ಚಿಹ್ನೆ ಬಿಟ್ಟು ‘ಮೈಕ್ರೋಗ್ರಾಂ’ ಎಂದು ಪೂರ್ತಿ ಬರೆಯಿರಿ. ಬಿಂದುವಿನ ಹಿಂದೆ ಸೊನ್ನೆ ಇರಲಿ: .5 ಎಂದು ಬರೆದರೆ ಜೆರಾಕ್ಸ್‌ನಲ್ಲಿ ಬಿಂದು ಅಳಿಸಿ 5 ಉಳಿಯುತ್ತದೆ, 0.5ರಲ್ಲಿ ಬಿಂದು ಹೋದರೆ 05 ಎಂದಾಗಿ ಅನುಮಾನವಾದರೂ ಬರುತ್ತದೆ.

ಕೊನೆಗೆ, ಅಂಕಿಯ ಜಾಗದಲ್ಲಿ ‘ಬಿಡಿಎಲ್’ (ಬಿಲೋ ಡಿಟೆಕ್ಷನ್ ಲಿಮಿಟ್) ಇದ್ದರೆ ಅದು ಸೊನ್ನೆಯಲ್ಲ. ಆ ಯಂತ್ರ ಹಿಡಿಯಬಲ್ಲ ಪ್ರಮಾಣಕ್ಕಿಂತ ಕಡಿಮೆ ಇದೆ ಎಂದಷ್ಟೇ ಅರ್ಥ. ಯಂತ್ರದ ಮಿತಿ 20 ಮೈಕ್ರೋಗ್ರಾಂ ಆಗಿದ್ದರೆ 10ರ ಆರ್ಸೆನಿಕ್ ಮಿತಿಯ ಬಗ್ಗೆ ಆ ಬಿಡಿಎಲ್ ಏನೂ ಹೇಳುವುದಿಲ್ಲ. ಯಂತ್ರದ ಮಿತಿ ಎಷ್ಟೆಂದು ಲ್ಯಾಬಿನವರನ್ನು ಕೇಳಿ ರಿಪೋರ್ಟಿನಲ್ಲೇ ಬರೆಸಿಕೊಳ್ಳಿ.