ಮನೆಯಲ್ಲೇ ಜಪಾನೀ ಎಳ್ಳಿನ ಡ್ರೆಸ್ಸಿಂಗ್

ಎಲೆಕೋಸು, ಸೌತೆಕಾಯಿ ಸಲಾಡಿಗೆ ಜಪಾನಿನವರು ಹಾಕುವ ಈ ಡ್ರೆಸ್ಸಿಂಗ್ ಮಾಡಹೊರಟವರು ಸೋಯಾ ಸಾಸ್ ಯಾವುದು, ವಿನೆಗರ್ ಯಾವುದು ಎಂದು ಊರೆಲ್ಲ ಹುಡುಕುತ್ತಾರೆ. ಎಳ್ಳನ್ನು ಮಾತ್ರ ದೊಡ್ಡ ಉರಿಯಲ್ಲಿ ಸೀಯಿಸಿ ಮಿಕ್ಸಿಗೆ ಹಾಕಿಬಿಡುತ್ತಾರೆ. ಕೆಡುವುದು ಅಲ್ಲೇ.

ನಾಲ್ಕು ಜನರಿಗೆ ಬೇಕಾದದ್ದು: ಬಿಳಿ ಎಳ್ಳು 4 ದೊಡ್ಡ ಚಮಚ, ಸೋಯಾ ಸಾಸ್ 2, ಅಕ್ಕಿ ವಿನೆಗರ್ ಒಂದೂವರೆ, ಸಕ್ಕರೆ 1, ಸೂರ್ಯಕಾಂತಿ ಎಣ್ಣೆ 1. ದೊಡ್ಡ ಚಮಚ ಎಂದರೆ 15 ಮಿ.ಲೀ.

ಎಳ್ಳು ಸಿಪ್ಪೆಸಹಿತ ಇರಲಿ. ಸಂಕ್ರಾಂತಿಗೆ ತಂದು ಉಳಿದ, ಸಿಪ್ಪೆ ತೆಗೆದ ಎಳ್ಳಿಗೆ ಬೇಗ ಕಮಟು ವಾಸನೆ ಬರುತ್ತದೆ. ನೀರಿನಲ್ಲಿ ಗಾಳಿಸಿ ಮರಳು ತೆಗೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ.

ದಪ್ಪ ತಳದ ಬಾಣಲೆ, ಸಣ್ಣ ಉರಿ. ಕೈ ಬಿಡದೆ ಆಡಿಸುತ್ತಿರಿ. ಮೊದಲು ಮಂದವಾಗಿದ್ದ ಕಾಳುಗಳು ಆಮೇಲೆ ಬಿಡಿಬಿಡಿಯಾಗಿ ಜಾರತೊಡಗುತ್ತವೆ, ತುಸು ಉಬ್ಬುತ್ತವೆ. ಮೂರು ನಾಲ್ಕು ಕಾಳು ಚಟಪಟ ಸಿಡಿದ ಕೂಡಲೇ ಒಂದನ್ನು ಹೆಬ್ಬೆರಳು, ಕಿರುಬೆರಳ ನಡುವೆ ಒತ್ತಿ ನೋಡಿ. ಬಲವಿಲ್ಲದ ಕಿರುಬೆರಳಿಗೂ ಪುಡಿಯಾದರೆ ಹದ ಬಂತು. ತಕ್ಷಣ ಅಗಲ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಹುರಿಯುತ್ತಲೇ ಹೋಗುತ್ತದೆ. ಹೊಂಬಣ್ಣ ದಾಟಿ ಕಂದಾದರೆ ಕಹಿ. ಎಷ್ಟು ಸಕ್ಕರೆ ಸುರಿದರೂ ಆ ಕಹಿ ಹೋಗದು, ಎಳ್ಳನ್ನೇ ಬದಲಾಯಿಸಿ.

ಬೆಚ್ಚಗಿರುವಾಗಲೇ ಅರೆಯಬೇಕು. ಜಪಾನಿನಲ್ಲಿ ಇದಕ್ಕೆ ಸುರಿಬಾಚಿ ಎಂಬ, ಒಳಮೈಯಲ್ಲಿ ಗೀರುಗಳಿರುವ ಬಟ್ಟಲಿದೆ. ನಮಗೆ ಕಲ್ಲಿನ ಕುಟ್ಟಾಣಿ ಸಾಕು. ಕುಟ್ಟಬೇಡಿ, ಕಾಳು ಹಾರುತ್ತವೆ, ಒತ್ತಿ ತಿರುಗಿಸಿ. ಮುಕ್ಕಾಲು ಪಾಲು ಪುಡಿಯಾಗಿ ಅಲ್ಲಲ್ಲಿ ಇಡೀ ಕಾಳು ಕಾಣುವಾಗ ನಿಲ್ಲಿಸಿ. ಮಿಕ್ಸಿಯೇ ಆಗಬೇಕೆಂದರೆ ಎಳ್ಳು ಪೂರ್ತಿ ಆರಿರಲಿ, ಚಿಕ್ಕ ಜಾರಿನಲ್ಲಿ ಒಂದೊಂದು ಸೆಕೆಂಡಿನಂತೆ ನಾಲ್ಕೈದು ಸಲ ಬಿಟ್ಟು ಬಿಟ್ಟು ತಿರುಗಿಸಿ. ಎಳ್ಳಿನ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಎಣ್ಣೆಯೇ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ತಳಕ್ಕೆ ಮೆತ್ತಿಕೊಳ್ಳುತ್ತದೆ.

ಇನ್ನು ವಿನೆಗರಿನಲ್ಲಿ ಸಕ್ಕರೆ ಕರಗಿಸಿ, ಸೋಯಾ ಸಾಸ್, ಎಳ್ಳಿನ ಪುಡಿ, ಕೊನೆಗೆ ಎಣ್ಣೆ ಸೇರಿಸಿ ಕದಡಿ. ಉಪ್ಪು ಬೇಡವೇ ಬೇಡ.

ಸಕ್ಕರೆಯ ಬದಲು ಮಂಡ್ಯದ ಬೆಲ್ಲ ಹಾಕೋಣ ಎನ್ನುವವರಿದ್ದಾರೆ. ಹಾಕಿದರೆ ಸಲಾಡಿಗೆ ಎಳ್ಳು-ಬೆಲ್ಲದ ಚಿಗಳಿಯ ರುಚಿ ಬರುತ್ತದೆ. ಮೈಸೂರಿನ ಗಾಣದ ಎಳ್ಳೆಣ್ಣೆಯೂ ಇಲ್ಲಿ ಹೊಂದದು. ಅದು ಹಸಿ ಎಳ್ಳಿನದು, ಜಪಾನಿನ ಅಡುಗೆಯದು ಹುರಿದ ಎಳ್ಳಿನದು. ಗೋಬಿ ಮಂಚೂರಿಗೆ ಹಾಕುವ ಡಾರ್ಕ್ ಸೋಯಾ ತಂದರೆ ಎಲ್ಲವೂ ಕಪ್ಪಾಗುತ್ತದೆ. ಲೇಬಲಿನಲ್ಲಿ ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇರುವುದನ್ನು ಆರಿಸಿ. ‘ಸಿಂಥೆಟಿಕ್’ ಎಂದಿರುವ ವಿನೆಗರ್ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು, ಬರೀ ಖಾರವಾದ ಹುಳಿ. ಅಕ್ಕಿ ವಿನೆಗರ್ ಸಿಗದಿದ್ದರೆ ಆ್ಯಪಲ್ ಸೈಡರ್ ವಿನೆಗರ್ 1 ಚಮಚಕ್ಕೆ ಅರ್ಧ ಚಮಚ ನೀರು ಬೆರೆಸಿಕೊಳ್ಳಿ. ನಿಂಬೆರಸ ಅಂದಿನ ಊಟಕ್ಕೆ ಸರಿ, ಮರುದಿನಕ್ಕೆ ಪರಿಮಳ ಇರುವುದಿಲ್ಲ.

ಅರ್ಧ ಗಂಟೆ ಬಿಟ್ಟರೆ ಎಳ್ಳು ನೀರು ಹೀರಿ ಗಟ್ಟಿಯಾಗುತ್ತದೆ. ಆಗ ಒಂದೆರಡು ಚಮಚ ನೀರು ಹಾಕಿ ತೆಳ್ಳಗೆ ಮಾಡಿ, ಮೊದಲೇ ಅಲ್ಲ. ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಸೌತೆಕಾಯಿಗೆ ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ, ಕೋಸನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ. ತರಕಾರಿಯಲ್ಲಿ ನೀರಿದ್ದರೆ ಡ್ರೆಸ್ಸಿಂಗ್ ಎಲ್ಲ ಜಾರಿ ಬಟ್ಟಲಿನ ತಳ ಸೇರುತ್ತದೆ. ಬೆರೆಸುವುದು ಊಟಕ್ಕೆ ಕೂರುವಾಗಲೇ.